ಗಾಳಿಗೆ ಬಂದವಳ ಹಾಜರಿ

ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ನಮ್ಮ ಕಾಲೇಜಿನ ಗ್ರಂಥಾಲಯದ ಗಡಿಯಾರ ಯಾವತ್ತೂ ಐದು ನಿಮಿಷ ಮುಂದಿರುತ್ತಿತ್ತು ಎಂದು ಆಮೇಲೆ ಯಾರೋ ಹೇಳಿದರು. ಹಾಗಿದ್ದರೆ ನೀವು ಹನ್ನೊಂದೂಕಾಲು ಎಂದು ತಿಳಿದುಕೊಳ್ಳಿ. ನನಗಂತೂ ಅದು ಹನ್ನೊಂದು ಇಪ್ಪತ್ತೇ. ಆ ಹೊತ್ತಿಗೆ ನಾನು ಕೃಷಿ ಕಾಲೇಜಿನ ಕೈಪಿಡಿಯ ಒಂಬತ್ತನೆಯ ಪುಟವನ್ನು ಬಿಡಿಸಿದ್ದೆ. ಪ್ರವೇಶ ಬೇಕೆನ್ನುವವರು ಪಿ.ಯು.ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮತ್ತು ಜೀವಶಾಸ್ತ್ರ ಈ ನಾಲ್ಕನ್ನೂ ಓದಿ ಪಾಸಾಗಿರಬೇಕು ಎಂದು ಅಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿತ್ತು. ಮೂರು ಸಲ ಓದಿದೆ. ಮೂರು ಸಲವೂ ಗಣಿತ ಅಲ್ಲೇ ಇತ್ತು.

ಮೂರು ತಿಂಗಳ ಹಿಂದೆ ನನ್ನ ಗೆಳತಿ ಹಂಪಮ್ಮನ ಅರ್ಜಿಯಲ್ಲಿ ‘ಗಣಿತ’ ಎಂಬ ಅಚ್ಚಿನ ಮೇಲೆ ಸ್ಕೇಲಿಟ್ಟು ಎರಡು ಗೆರೆ ಎಳೆದವಳು ನಾನೇ. ಒಂದು ಸಾಲದೆಂದು ಎರಡು. ಅಷ್ಟು ನೇರವಾದ ಗೆರೆಗಳನ್ನು ನಾನು ಜನ್ಮದಲ್ಲಿ ಮತ್ತೆ ಎಳೆದಿಲ್ಲ.

ಇದೆಲ್ಲ ಈಗ ಯಾಕೆ ನೆನಪಾಯಿತೆಂದರೆ, ನಮ್ಮ ಮನೆಯ ಹಜಾರದ ಫ್ಯಾನು ನಿನ್ನೆಯಿಂದ ಸದ್ದು ಮಾಡುತ್ತಿದೆ. ಒಂದು ಸುತ್ತಿಗೆ ಒಮ್ಮೆ ‘ಕಿರ್ಕ್’ ಎನ್ನುತ್ತದೆ, ಆಮೇಲೆ ಸ್ವಲ್ಪ ಯೋಚಿಸಿ ಇನ್ನೊಮ್ಮೆ ‘ಕಿರ್ಕ್’ ಎನ್ನುತ್ತದೆ. ರಿಪೇರಿಯವನನ್ನು ಕರೆಸಬೇಕು ಎಂದು ಮನೆಯವರೆಲ್ಲ ಹೇಳಿದರು. ನಾನು ಬೇಡವೆಂದೆ. ಎರಡು ದಿನ ಇರಲಿ, ನನಗೆ ಆ ಸದ್ದಿನ ಋಣವಿದೆ ಎಂದೆ. ಅವರು ನನ್ನನ್ನು ನೋಡಿದ ರೀತಿಯನ್ನು ಬರೆಯುವುದಿಲ್ಲ, ಬಿಡಿ.

ನಾನು ಸಿರುಗುಪ್ಪದವಳು. ನಮ್ಮೂರಿನವರಿಗೆ ಒಂದು ಕಡೆ ಬಳ್ಳಾರಿ, ಇನ್ನೊಂದು ಕಡೆ ಆದೋನಿ. ಬಳ್ಳಾರಿ ನಮ್ಮ ಜಿಲ್ಲೆ, ಆದೋನಿ ಗಡಿಯಾಚೆಯ ಆಂಧ್ರ. ಆದರೆ ಬಸ್ಸು ಹತ್ತುವಾಗ ಗಡಿಯನ್ನು ಯಾರು ನೋಡುತ್ತಾರೆ? ಮದುವೆ ಸೀರೆಗೆ ಆದೋನಿ, ಕಣ್ಣು ತೋರಿಸಲು ಬಳ್ಳಾರಿ, ಹೆಣ್ಣು ಕೊಡುವುದಕ್ಕೆ ಎರಡೂ. ನಮ್ಮ ಮನೆಯಲ್ಲಿ ಬೈಯುವಾಗ ತೆಲುಗು, ಮುದ್ದು ಮಾಡುವಾಗ ಕನ್ನಡ. ನಮ್ಮ ಅಜ್ಜಿ ಮಾತ್ರ ಇದನ್ನು ತಿರುವುಮುರುವು ಮಾಡಿಕೊಂಡಿದ್ದಳು.

ನನ್ನ ತಾಯಿಯ ಅಣ್ಣ ವೀರಭದ್ರ ಮಾವ ಆದೋನಿಯಲ್ಲಿ ಒಂದು ಕಾಲೇಜಿನ ಆಫೀಸಿನಲ್ಲಿ ಕೆಲಸಕ್ಕಿದ್ದರು. ಕಾಲೇಜು ಎಂಬುದನ್ನು ಬಾಗಿಲೊಳಗಿನಿಂದ ನೋಡಿದವರು ನಮ್ಮ ಬಳಗದಲ್ಲಿ ಅವರೊಬ್ಬರೇ. ಹೀಗಾಗಿ ಯಾರ ಮಗ ಏನು ಓದಬೇಕು, ಯಾರ ಮಗಳು ಎಲ್ಲಿಗೆ ಓದು ನಿಲ್ಲಿಸಬೇಕು ಎಂಬುದೆಲ್ಲ ಮಾವನ ಬಾಯಿಂದಲೇ ಬರಬೇಕಿತ್ತು. ಮಾವ ಹೇಳಿದ್ದನ್ನು ಬರೆಯುವ ಕೈ ನನ್ನದು. ನನ್ನ ಅಕ್ಷರ ದುಂಡಗಿತ್ತು. ಅಕ್ಷರ ದುಂಡಗಿದ್ದವರಿಗೆ ವಿಷಯವೂ ಗೊತ್ತಿರುತ್ತದೆ ಎಂದು ಊರಿನವರು ನಂಬಿದ್ದರು. ನಾನೂ ನಂಬಿದ್ದೆ. ಆ ವರ್ಷ ಸಿರುಗುಪ್ಪದ ಏಳೆಂಟು ಮಕ್ಕಳ ಅರ್ಜಿ ತುಂಬಿದ್ದೇನೆ. ಸ್ವತಃ ನಾನು ಕಪ್ಪೆ ಕೊಯ್ಯಲು ಹೆದರಿ ಕಲಾವಿಭಾಗ ಸೇರಿದವಳು. ವಿಜ್ಞಾನದ ಬಗ್ಗೆ ನನಗೆ ಗೊತ್ತಿದ್ದದ್ದು ಅದರಲ್ಲಿ ಕಪ್ಪೆ ಇರುತ್ತದೆ ಎಂಬುದಷ್ಟೇ.

ಹಂಪಮ್ಮ ಕುರುಗೋಡಿನವಳು. ಬಳ್ಳಾರಿಯ ಸತ್ಯನಾರಾಯಣ ಪೇಟೆಯಲ್ಲಿ ನನ್ನ ಸೋದರತ್ತೆ ನೀಲಮ್ಮನ ಮನೆಯಿತ್ತು. ಅತ್ತೆಗೆ ಹಂಪಮ್ಮನ ತಾಯಿ ಬಾಲ್ಯದ ಗೆಳತಿ. ಹೈಸ್ಕೂಲಿನ ಕೊನೆಯ ಎರಡು ವರ್ಷ ನಾವಿಬ್ಬರೂ ಆ ಮನೆಯ ಹೊರಕೋಣೆಯಲ್ಲಿ ಒಂದೇ ಚಾಪೆ, ಒಂದೇ ಲಾಟೀನು, ಒಂದೇ ಬಾಚಣಿಗೆಯಲ್ಲಿ ಕಳೆದಿದ್ದೆವು. ಲಾಟೀನು ಕರೆಂಟು ಹೋದಾಗ ಮಾತ್ರ. ಅಂದರೆ ಹೆಚ್ಚುಕಮ್ಮಿ ದಿನಾ.

ಅವಳಿಗೆ ಕೃಷಿ ಓದಬೇಕೆಂಬ ಆಸೆ ಹುಟ್ಟಿದ್ದು ಒಂದು ಭೂತಗನ್ನಡಿಯಿಂದ. ಅವರ ಹೊಲದಲ್ಲಿ ಒಮ್ಮೆ ಮೆಣಸಿನ ಗಿಡದ ಎಲೆಗಳೆಲ್ಲ ದೋಣಿಯ ಹಾಗೆ ಮುರುಟಿಕೊಂಡವು. ಕೃಷಿ ಕಾಲೇಜಿನಿಂದ ಒಬ್ಬರು ಬಂದರು. ಎಲೆಯನ್ನು ಮಗುಚಿ, ಜೇಬಿನಿಂದ ಪುಟ್ಟ ಗಾಜು ತೆಗೆದು, ಒಂದು ಕಣ್ಣು ಮುಚ್ಚಿ ನೋಡಿದರು. ಪಕ್ಕದಲ್ಲಿ ನಿಂತಿದ್ದ ಹಂಪಮ್ಮನಿಗೂ ತೋರಿಸಿದರು. ಎಲೆಯ ಬೆನ್ನ ಮೇಲೆ ಎಳ್ಳಿಗಿಂತ ಚಿಕ್ಕ ಹುಳುಗಳು ಓಡಾಡುತ್ತಿದ್ದವಂತೆ. “ಶಾರಿ, ಅಷ್ಟು ವರ್ಷ ನಾವು ಆ ಹೊಲದಾಗ ಅಡ್ಡಾಡೀವಿ. ಅಲ್ಲೊಂದು ಊರೇ ಇತ್ತಲೇ, ನಮಗ ಗೊತ್ತೇ ಇರಲಿಲ್ಲ” ಎಂದು ಅವಳು ನನಗೆ ಕಡಿಮೆಯೆಂದರೆ ಐವತ್ತು ಸಲ ಹೇಳಿದ್ದಾಳೆ. ಡಾಕ್ಟರಾಗುತ್ತೇನೆ, ಟೀಚರಾಗುತ್ತೇನೆ ಎನ್ನುವ ಹುಡುಗಿಯರ ನಡುವೆ ಇವಳೊಬ್ಬಳು ಹುಳು ನೋಡುತ್ತೇನೆ ಎನ್ನುತ್ತಿದ್ದಳು.

ಎರಡು ವರ್ಷದ ಪಿ.ಯು.ಸಿ. ಆಗಷ್ಟೇ ಬಂದಿತ್ತು. ಯಾರಿಗೂ ಅದರ ತಲೆಬುಡ ಗೊತ್ತಿರಲಿಲ್ಲ. ನಮ್ಮ ಕಾಲೇಜಿನ ಅರ್ಜಿಯಲ್ಲಿ ವಿಜ್ಞಾನದವರಿಗೆ ಮೂರು ವಿಷಯ ಖಾಯಂ. ನಾಲ್ಕನೆಯದಾಗಿ ಗಣಿತ ಇಲ್ಲವೇ ಭೂಗರ್ಭಶಾಸ್ತ್ರ, ಬೇಡವಾದ್ದನ್ನು ಹೊಡೆದುಹಾಕಬೇಕು. ಅರ್ಜಿ ತುಂಬಿಸಿಕೊಳ್ಳಲು ಹಂಪಮ್ಮ ಸಿರುಗುಪ್ಪಕ್ಕೇ ಬಂದಳು. ನಮ್ಮ ಪಡಸಾಲೆಯಲ್ಲಿ ಮಾವ ಒಗ್ಗರಣೆ ಮಂಡಕ್ಕಿಯ ತಟ್ಟೆ ಹಿಡಿದು ಕೂತಿದ್ದರು.

“ಹುಡುಗಿ ಏನಾಗಬೇಕಂತಾಳ?” ಎಂದರು ಮಾವ.

“ಕೃಷಿ ಓದ್ತಾಳಂತ ಮಾವ.”

“ಕೃಷಿ ಅಂದ್ರ ಗಿಡ. ಗಿಡ ಅಂದ್ರ ಬಯಾಲಜಿ. ಬೈಪಿಸಿ ಹಾಕು, ಮುಗೀತು. ಎಂಪಿಸಿ ಇಂಜಿನಿಯರಿಗೆ, ಬೈಪಿಸಿ ಡಾಕ್ಟರಿಗೆ. ಲೆಕ್ಕ ಯಾಕಮ್ಮಾ ಸುಮ್ಮನ?”

ಹಂಪಮ್ಮ ನಿಧಾನಕ್ಕೆ ಹೇಳಿದಳು: “ಅಲ್ರಿ ಮಾವಾರ, ನನಗ ಲೆಕ್ಕ ಬರ್ತಾವ್ರಿ.”

“ಬಂದ್ರ ಸಂತಿಯಾಗ ಉಪಯೋಗಕ್ಕ ಬರ್ತಾವ ಬಿಡಮ್ಮಾ. ಎರಡೂ ಕೂಡಿಸಿ ಓದಾಕ ತಲಿ ಏನು ಗೋದಾಮಾ?” ಎಂದು ಮಾವ ಮಿರ್ಚಿಯ ತೊಟ್ಟು ಮುರಿದರು.

ಅವರು ಸುಳ್ಳು ಹೇಳಲಿಲ್ಲ. ಆಚೆ ಆಂಧ್ರದಲ್ಲಿ ಪಿ.ಯು.ಸಿ.ಗೆ ಸಮನಾದ ಇಂಟರ್‌ಮೀಡಿಯೆಟ್‌ನಲ್ಲಿ ಎಂಪಿಸಿ ಎಂಬ ಗಣಿತದವರ ಗುಂಪು ಬೇರೆ, ಬೈಪಿಸಿ ಎಂಬ ಜೀವಶಾಸ್ತ್ರದವರ ಗುಂಪು ಬೇರೆ. ಎರಡನ್ನೂ ಒಬ್ಬರೇ ಓದುವಂತಿರಲಿಲ್ಲ. ಈಚೆ ಎರಡನ್ನೂ ಓದಬಹುದಿತ್ತು, ಮತ್ತು ಓದಲೇಬೇಕೆಂದು ಕೇಳುವವರೂ ಇದ್ದರು. ನಡುವೆ ಒಂದು ಗಡಿಯಿತ್ತು. ಮೊದಲೇ ಹೇಳಿದೆನಲ್ಲ, ಅದನ್ನು ನಾವು ಯಾರೂ ನೋಡುತ್ತಿರಲಿಲ್ಲ.

“ಹಾಕಲೇನಲೇ ಗೆರಿ?” ಎಂದು ನಾನು ಹಂಪಮ್ಮನನ್ನು ಕೇಳಿದೆ. ಅವಳು ನನ್ನ ಮುಖ ನೋಡಿದಳು. “ನಿನಗ ಗೊತ್ತಿರ್ತೈತಿ. ಹಾಕು” ಎಂದಳು. ನಾನು ಸ್ಕೇಲು ತೆಗೆದುಕೊಂಡೆ.

ಬಳ್ಳಾರಿಯಲ್ಲಿ ಕಾಲೇಜು ಶುರುವಾಯಿತು. ನಾವಿಬ್ಬರೂ ಮತ್ತೆ ಅತ್ತೆಯ ಮನೆಯ ಹೊರಕೋಣೆಗೇ ಬಂದೆವು. ಭೂಗರ್ಭಶಾಸ್ತ್ರಕ್ಕೆ ಸೇರಿದವರು ಮೂವರು, ಪಾಠ ಮಾಡುವವರು ಸೊನ್ನೆ. ಆ ಹುದ್ದೆ ಖಾಲಿಯಿತ್ತು. ಇಂದು ಬರುತ್ತಾರೆ, ನಾಳೆ ಬರುತ್ತಾರೆ ಎಂದು ಆಫೀಸಿನವರು ಹೇಳುತ್ತಿದ್ದರು. ಸುತ್ತಲೂ ಬರೀ ಕಲ್ಲುಬೆಟ್ಟಗಳಿರುವ ಊರಿನಲ್ಲಿ ಕಲ್ಲಿನ ಪಾಠಕ್ಕೆ ಜನವಿಲ್ಲ! ಇಬ್ಬರು ಹುಡುಗರು ಆ ಗಂಟೆಯಲ್ಲಿ ಮಿರ್ಚಿ ಅಂಗಡಿಗೆ ಹೋಗುತ್ತಿದ್ದರು. ಹುಡುಗಿಯಾದ ಹಂಪಮ್ಮ ಎಲ್ಲಿಗೆ ಹೋಗಬೇಕು? ನಮ್ಮ ಬಳ್ಳಾರಿಯಲ್ಲಿ ಬಿಸಿಲು ಬೆಳಿಗ್ಗೆ ಒಂಬತ್ತಕ್ಕೇ ಕೆಲಸಕ್ಕೆ ಹಾಜರಾಗುತ್ತದೆ. ಹುಡುಗಿಯರ ವಿಶ್ರಾಂತಿ ಕೋಣೆಯ ಮೇಲೆ ತಗಡು. ವರಾಂಡದಲ್ಲಿ ನಿಂತರೆ ಹುಡುಗರ ಕಣ್ಣು. ಇಡೀ ಆ ಕಟ್ಟಡದಲ್ಲಿ ತಿರುಗುವ ಫ್ಯಾನು ಇದ್ದದ್ದು ಒಂದೇ ಕೋಣೆಗೆ. ಆ ಕೋಣೆಯಲ್ಲಿ ಒಂಬತ್ತಕ್ಕೆ ಗಣಿತದ ಕ್ಲಾಸು.

ಅವಳು ಹೋಗಿ ಹಿಂದಿನ ಬೆಂಚಿನಲ್ಲಿ, ಸರಿಯಾಗಿ ಫ್ಯಾನಿನ ಕೆಳಗೆ ಕೂತಳು. ನನ್ನ ಇತಿಹಾಸದ ಕ್ಲಾಸು ಪಕ್ಕದ ಕೋಣೆಯಲ್ಲಿ. ಫ್ಯಾನಿನ ‘ಕಿರ್ಕ್’ ನನಗೆ ಗೋಡೆಯಾಚೆಯಿಂದ ಕೇಳುತ್ತಿತ್ತು. ಬೆವರು ಒರೆಸಿಕೊಳ್ಳುತ್ತಾ ಅವಳ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೆ.

ಗಣಿತ ಹೇಳುತ್ತಿದ್ದವರು ಪಂಪಾಪತಿ ಸರ್. ಕೋಟಿನ ಎರಡೂ ತೋಳಿಗೆ ಮೊಣಕೈವರೆಗೆ ಸೀಮೆಸುಣ್ಣ. ಪಾಠ ಇಂಗ್ಲಿಷಿನಲ್ಲಿ, ಸಿಟ್ಟು ತೆಲುಗಿನಲ್ಲಿ, ಹಾಜರಿ ಕನ್ನಡದಲ್ಲಿ. ಹಾಜರಿಯನ್ನು ಅವರು ಪಾಠ ಮುಗಿದ ಮೇಲೆ ಹಾಕುತ್ತಿದ್ದರು. ಮೊದಲೇ ಹಾಕಿದರೆ ಹೆಸರಷ್ಟೇ ಉಳಿಯುತ್ತದೆ, ಹುಡುಗರು ಹೋಗುತ್ತಾರೆ ಎಂಬುದು ಅವರ ಅನುಭವ. ಹಂಪಮ್ಮ ಕೂತ ಎರಡನೆಯ ದಿನವೋ ಮೂರನೆಯ ದಿನವೋ ಹಲಗೆಯ ಮೇಲೆ ಉದ್ದನೆಯ ಲೆಕ್ಕವೊಂದು ಹರಿದುಬರುತ್ತಿತ್ತು. ಸರ್ ಒಂದು ಕಡೆ ನಿಂತರು, ಹಿಂದೆ ನೋಡಿದರು, ತಲೆ ಕೆರೆದುಕೊಂಡರು. ಉತ್ತರ ಹೊಂದುತ್ತಿಲ್ಲ. ಹಿಂದಿನ ಬೆಂಚಿನಿಂದ ಧ್ವನಿ ಬಂತು.

“ಮೂರನೇ ಸಾಲಿನ್ಯಾಗ ಮೈನಸ್ ಬಿಟ್ಟೀರಿ ಸರ್.”

ಕ್ಲಾಸೆಲ್ಲ ತಿರುಗಿತು. ಸರ್ ಮೂರನೆಯ ಸಾಲು ನೋಡಿ, ಮೈನಸ್ ಹಾಕಿ, ಉತ್ತರ ಬರೆದು, ಕೈ ಜಾಡಿಸಿದರು. ಹಾಜರಿ ಕರೆದದ್ದಾಯಿತು. ಕೊನೆಯ ನಂಬರಿನ ಮೇಲೂ ಒಬ್ಬಳು ಉಳಿದಳು.

“ನೀನ್ಯಾರಮ್ಮಾ? ನಿನ್ನ ನಂಬರ್ ಇಲ್ಲಲ್ಲ?”

“ಇಲ್ರಿ ಸರ್. ನಂದು ಈ ಸಬ್ಜೆಕ್ಟ್ ಅಲ್ಲ. ಗಾಳಿಗೆ ಬಂದೀನ್ರಿ.”

ಹುಡುಗರು ಬೆಂಚು ಬಡಿದು ನಕ್ಕರು. ಸರ್ ನಗಲಿಲ್ಲ. ಅವಳ ಹೆಸರು ಕೇಳಿ, ರಿಜಿಸ್ಟರಿನ ಕಡೇ ಹೆಸರಿನ ಕೆಳಗೆ ಪೆನ್ಸಿಲ್ಲಿನಿಂದ ಬರೆದುಕೊಂಡರು. “ಗಾಳಿಗೆ ಬಂದೋರ್ದೂ ಹಾಜರಿ ಇರ್ಲಿ. ನಾಳಿ ಫ್ಯಾನು ಕೆಟ್ರ ಯಾರ‍್ಯಾರು ಇದ್ರು ಅಂತ ಗೊತ್ತಾಗ್ಬೇಕಲ್ಲ” ಎಂದರು. ಅವತ್ತಿನಿಂದ ದಿನಾ ಪಟ್ಟಿಯ ಕೊನೆಗೆ “ಹಂಪಮ್ಮ” ಎಂದು ಕರೆಯುವುದು, ಅವಳು “ಅದೀನ್ರಿ ಸರ್” ಎನ್ನುವುದು, ಹುಡುಗರು ಕಿಸಕ್ಕೆನ್ನುವುದು ರೂಢಿಯಾಯಿತು. ಇದನ್ನು ಹಂಪಮ್ಮ ರಾತ್ರಿ ಊಟದ ಹೊತ್ತಿಗೆ ಹೇಳಿದರೆ ನಾನೂ ಅತ್ತೆಯೂ ನೆತ್ತಿಗೇರುವಷ್ಟು ನಗುತ್ತಿದ್ದೆವು.

ಹೀಗೆ ನಗುತ್ತಾ ಮೂರು ತಿಂಗಳು ಹೋದವು. ಆಮೇಲೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷವಾಯಿತು.

ಕೈಪಿಡಿಯನ್ನು ಅಲ್ಲಿಯೇ ಇಟ್ಟು ಹೊರಗೆ ಬಂದೆ. ಹಂಪಮ್ಮ ಬೇವಿನ ಮರದ ಕೆಳಗೆ ಶೇಂಗಾ ಸುಲಿಯುತ್ತಿದ್ದಳು. ನನಗೆಂದು ಒಂದು ಮುಷ್ಟಿ ಸುಲಿದು ಪಕ್ಕಕ್ಕಿಟ್ಟಿದ್ದಳು. “ಸಿಕ್ತೇನಲೇ ಪುಸ್ತಕ? ಏನ್ ಬರದೈತಿ?” ಎಂದಳು. ನಾನು, “ಇನ್ನೂ ಬಂದಿಲ್ಲಂತ” ಎಂದೆ. ಶೇಂಗಾ ತಿಂದೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ. ತಿಂದೆನಲ್ಲ!

ಮೂರು ದಿನ ಬಾಯಿ ಬಿಡಲಿಲ್ಲ. ಒಬ್ಬರ ಜೀವಮಾನದ ದಾರಿಯನ್ನು ಸ್ಕೇಲಿಟ್ಟು ಕಡಿದವಳು ಅವರ ಪಕ್ಕದಲ್ಲೇ ಮಲಗುವುದು ಹೇಗಿರುತ್ತದೆಂದು ನಿಮಗೆ ಹೇಳಲಾರೆ. ಕಣ್ಣು ಮುಚ್ಚಿದರೆ ಎರಡು ಗೆರೆ. ರಬ್ಬರಿನಿಂದ ಉಜ್ಜುತ್ತೇನೆ, ಹೋಗುವುದಿಲ್ಲ. ಬ್ಲೇಡಿನಿಂದ ಕೆರೆಯುತ್ತೇನೆ, ಕಾಗದ ತೂತಾಗುತ್ತದೆ. ಎದ್ದು ಕೂತರೆ ಹಂಪಮ್ಮ ನಿದ್ದೆಯಲ್ಲೇ ಹೊದಿಕೆಯ ಅರ್ಧ ನನ್ನ ಕಡೆಗೆ ಸರಿಸುತ್ತಿದ್ದಳು.

ಶನಿವಾರ ಅವಳು ಊರಿಗೆ ಹೊರಟಾಗ ನಾನೂ ಬರುತ್ತೇನೆಂದೆ. ಕುರುಗೋಡಿನಲ್ಲಿ ಅವರ ಮನೆಯ ಅಂಗಳದಲ್ಲಿ ಅವಳ ಅಪ್ಪ ರುದ್ರಪ್ಪ ಕಾಕಾ ಹತ್ತಿಯ ಕಾಯಿ ಬಿಡಿಸಿ ನೋಡುತ್ತಾ ಕೂತಿದ್ದರು. ನನ್ನ ಕೈಗೆ ರೊಟ್ಟಿಯ ತಟ್ಟೆ ಬಂತು. ಅನ್ನ ಕೊಟ್ಟವರ ಮುಂದೆ ಇನ್ನೂ ಸುಳ್ಳಾಗಿ ಕೂರುವುದು ಆಗಲಿಲ್ಲ. ತಟ್ಟೆ ಕೆಳಗಿಟ್ಟು, ಒಂದೇ ಉಸಿರಿಗೆ ಎಲ್ಲ ಹೇಳಿದೆ. ಮಾವ ಹೇಳಿದ್ದು, ನಾನು ಗೆರೆ ಎಳೆದದ್ದು, ಒಂಬತ್ತನೆಯ ಪುಟ, ಮೂರು ದಿನದ ಸುಳ್ಳು. ಹೇಳಿ ಅತ್ತುಬಿಟ್ಟೆ.

ಹಂಪಮ್ಮ ನನ್ನ ಕಡೆ ತಿರುಗಿದಳು. “ಅಂದ್ರ ನನ್ನ ಅರ್ಜೀನೇ ತಗೊಳ್ಳಂಗಿಲ್ಲೇನಲೇ?” ಎಂದಳು. ಆ ಧ್ವನಿ ನನಗೆ ಈಗಲೂ ಕೇಳುತ್ತದೆ. ಕೂಗಿದ್ದರೆ ಬಹುಶಃ ಮರೆಯುತ್ತಿದ್ದೆ.

ರುದ್ರಪ್ಪ ಕಾಕಾ ಹತ್ತಿಕಾಯಿಯನ್ನು ಕೆಳಗಿಟ್ಟರು. ಅವರಿಗೆ ಓದು ಅಷ್ಟಕ್ಕಷ್ಟೇ. ಆದರೆ ತಪ್ಪು ಬಿತ್ತನೆ ಎಂದರೆ ಏನೆಂದು ಗೊತ್ತಿತ್ತು.

“ಹದಾ ಇನ್ನೂ ಐತೇನು ತಂಗಿ?” ಎಂದರು.

“ಏನ್ರಿ ಕಾಕಾ?”

“ಬ್ಯಾರೆ ಬೀಜ ಬಿತ್ತಿದ್ವಿ ಅಂತ ಗೊತ್ತಾದ್ರ ಅಳಕೋಂತ ಕುಂದ್ರೂದಿಲ್ಲ. ನೆಲದಾಗ ಹಸಿ ಐತೋ ಇಲ್ಲೋ ನೋಡ್ತೀವಿ. ಇದ್ರ ಹರಗಿ ಮತ್ತ ಬಿತ್ತೂದು. ನಿಮ್ಮ ಕಾಲೇಜಿನ್ಯಾಗ ಹಸಿ ಐತೇನು ಕೇಳ್ರಿ ಮೊದಲ. ಸೋಮವಾರ ನಾನೂ ಬರ್ತೀನಿ.” ಆಮೇಲೆ ನನ್ನ ತಟ್ಟೆಯನ್ನು ನನ್ನ ಕಡೆಗೆ ತಳ್ಳಿ, “ರೊಟ್ಟಿ ಏನ್ ತಪ್ಪ ಮಾಡೈತಿ? ಉಣ್ಣು” ಎಂದರು.

ಸೋಮವಾರ ಆಫೀಸಿನ ಕಿಟಕಿಯಲ್ಲಿ ಹಸಿ ಇರಲಿಲ್ಲ. ವಿಷಯ ಬದಲಾಯಿಸುವ ತಾರೀಖು ದಾಟಿ ಎರಡು ತಿಂಗಳಾಗಿತ್ತು. “ಮುಂದಿನ ವರ್ಷ ಹೊಸದಾಗಿ ಸೇರ್ಸ್ರಿ” ಎಂದರು ಗುಮಾಸ್ತರು. ರುದ್ರಪ್ಪ ಕಾಕಾ ಕಿಟಕಿ ಬಿಟ್ಟು ಅಲ್ಲಾಡಲಿಲ್ಲ. ಒಂದು ವರ್ಷ ಹೋದರೆ ಮಗಳನ್ನು ಮತ್ತೆ ಓದಿಗೆ ಕಳಿಸಲು ಮನೆಯಲ್ಲಿ ಎಷ್ಟು ಜನರ ಬಾಯಿ ಕಟ್ಟಬೇಕೆಂದು ಅವರಿಗೆ ಗೊತ್ತಿತ್ತು. ವರನ ಮಾತು ಆಗಲೇ ಒಂದೆರಡು ಕಡೆಯಿಂದ ಬಂದಿತ್ತು. ಕೊನೆಗೆ ಪ್ರಿನ್ಸಿಪಾಲರೇ ಒಳಗೆ ಕರೆದರು.

ಪ್ರಿನ್ಸಿಪಾಲರು ಕೆಟ್ಟವರಲ್ಲ, ರೂಲು ಬಲ್ಲವರು. “ನೋಡ್ರಿ ಯಜಮಾನ್ರೆ, ಪಿ.ಯು. ಬೋರ್ಡಿಗೆ ಬರೆಯೋಕೆ ಒಂದೇ ದಾರಿ. ಶುರುವಿನಿಂದ ಆ ವಿಷಯದ ಕ್ಲಾಸಿಗೆ ಹಾಜರಾಗಿದ್ದರೆ, ಅರ್ಜಿಯಲ್ಲಿ ಕೈತಪ್ಪಾಗಿದೆ ಅಂತ ಬರೀಬಹುದು. ಈ ಹುಡುಗಿ ಹೆಸರು ಗಣಿತದ ರಿಜಿಸ್ಟರಿನಲ್ಲೇ ಇಲ್ಲ. ಹಾಜರಿ ಎಲ್ಲಿಂದ ತರ್ತೀರಿ?”

ನಾನು ಬಾಗಿಲ ಬಳಿ ನಿಂತಿದ್ದೆ. ನನಗೆ ಆ ಕ್ಷಣದಲ್ಲಿ ಕೇಳಿಸಿದ್ದು ಮಾತಲ್ಲ, ‘ಕಿರ್ಕ್’. ಏನೂ ಹೇಳದೆ ವರಾಂಡದಲ್ಲಿ ಓಡಿದೆ. ಲಂಗದ ತುದಿ ಹರಿಯಿತು. ಪಂಪಾಪತಿ ಸರ್ ಕ್ಲಾಸಿನ ನಡುವೆ ಇದ್ದರು. ಬಾಗಿಲಲ್ಲಿ ನಿಂತು, “ಸರ್, ಗಾಳಿಗೆ ಬಂದೋಳ್ದು ಹಾಜರಿ ಬೇಕಾಗೇತ್ರಿ” ಎಂದೆ. ಯಾರಿಗಾದರೂ ಅದು ಹುಚ್ಚಿಯ ಮಾತಿನಂತೆ ಕೇಳಬೇಕಿತ್ತು. ಅವರು ಸೀಮೆಸುಣ್ಣ ಇಟ್ಟು, ರಿಜಿಸ್ಟರು ಕಂಕುಳಲ್ಲಿ ಹಿಡಿದು ನನ್ನ ಹಿಂದೆಯೇ ಬಂದರು.

ಪ್ರಿನ್ಸಿಪಾಲರು ಪುಟ ತಿರುವಿದರು. ಎಲ್ಲರ ಕೆಳಗೆ ಪೆನ್ಸಿಲ್ಲಿನಲ್ಲಿ ಒಂದು ಹೆಸರು, ಅದರ ಮುಂದೆ ದಿನದಿನದ ಗುರುತು. ಮೊದಲ ಎರಡು ದಿನ ಬಿಟ್ಟರೆ ಒಂದೂ ತಪ್ಪಿಲ್ಲ.

“ಇದೇನ್ರಿ ಪಂಪಾಪತಿಯವರೆ, ಪೆನ್ಸಿಲ್ಲು?”

“ಆಕಿ ನಂಬರ್ ಆಫೀಸಿನಿಂದ ಬಂದಿರಲಿಲ್ಲ ಸರ್. ಬಂದ ಮ್ಯಾಲೆ ಇಂಕಿನ್ಯಾಗ ಬರೀಬೇಕಂತ ಬಿಟ್ಟಿದ್ದೆ.”

“ಆಕೆ ಗಾಳಿಗೆ ಬಂದು ಕೂತಿದ್ದಳು ಅಂತ ಕಾಲೇಜಿಗೆಲ್ಲ ಗೊತ್ತು. ಕೂತವರೆಲ್ಲ ಕಲಿತವರಾ?”

ಸರ್ ಹಂಪಮ್ಮನ ಕಡೆ ತಿರುಗಿದರು. “ಏನಮ್ಮಾ, ಮೊನ್ನೆ ಬೋರ್ಡಿನ ಮ್ಯಾಲೆ ಒಂದ್ ಲೆಕ್ಕ ಅರ್ಧಕ್ಕೇ ಬಿಟ್ಟೆನಲ್ಲ, ಗಂಟೆ ಹೊಡೀತು ಅಂತ. ಅದರ ಉತ್ತರ ಎಷ್ಟಾಗ್ತದ?”

ಹಂಪಮ್ಮ ಕಣ್ಣು ಮುಚ್ಚಿದಳು. ತುಟಿ ಅಲ್ಲಾಡುತ್ತಿತ್ತು. ನಾನು ನನ್ನ ಉಗುರು ಕಚ್ಚಿಕೊಂಡೆ. ರುದ್ರಪ್ಪ ಕಾಕಾ ತಮ್ಮ ಟೋಪಿಯನ್ನು ಕೈಯಲ್ಲಿ ಹಿಂಡುತ್ತಿದ್ದರು.

“ಹನ್ನೆರಡು ಸರ್” ಎಂದು ಕಣ್ಣು ಬಿಟ್ಟಳು. ಆಮೇಲೆ ಗಡಿಬಿಡಿಯಿಂದ, “ಮೈನಸ್ ಹನ್ನೆರಡು” ಎಂದಳು.

ಪಂಪಾಪತಿ ಸರ್ ಪ್ರಿನ್ಸಿಪಾಲರ ಮುಖ ನೋಡಿದರು. “ಮೈನಸ್ಸು ನಾನು ಬಿಟ್ರೂ ಆಕಿ ಬಿಡೂದಿಲ್ಲ ಸರ್” ಎಂದರು. ಪ್ರಿನ್ಸಿಪಾಲರು ನಗು ತಡೆಯಲು ಕನ್ನಡಕ ತೆಗೆದು ಒರೆಸಿದರು. ಬೋರ್ಡಿಗೆ ಕಾಗದ ಹೋಯಿತು. “ಮಂಜೂರಾಗುತ್ತೋ ಇಲ್ಲವೋ ಹೇಳಲಾರೆ. ಉತ್ತರ ಬರೋವರೆಗೆ ನೀನು ಭೂಗರ್ಭಶಾಸ್ತ್ರದವಳೇ” ಎಂದು ಅವಳಿಗೆ ಹೇಳಿದರು.

ಉತ್ತರ ಬರಲು ಇಪ್ಪತ್ತೆರಡು ದಿನ ಹಿಡಿಯಿತು. ಅಷ್ಟು ದಿನ ನಾವಿಬ್ಬರೂ ಸರಿಯಾಗಿ ಮಲಗಲಿಲ್ಲ. ಮೊದಲು ನನಗೊಬ್ಬಳಿಗೆ ನಿದ್ದೆ ಇರಲಿಲ್ಲ. ಈಗ ಅವಳಿಗೂ ಇಲ್ಲ. ತಿಳಿಸಿದ್ದರಿಂದ ನಾನು ಮಾಡಿದ ಉಪಕಾರ ಅಷ್ಟೇ. ದಿನಾ ಪೋಸ್ಟಿನವನು ಕಾಲೇಜಿಗೆ ಬರುವ ಹೊತ್ತಿಗೆ ಗೇಟಿನಲ್ಲಿ ನಿಲ್ಲುತ್ತಿದ್ದೆವು. ಅವನು ನಮ್ಮನ್ನು ಕಂಡು ದೂರದಿಂದಲೇ ಕೈ ಆಡಿಸಿ ಇಲ್ಲವೆನ್ನುತ್ತಿದ್ದ.

ನಡುವೆ ಒಂದು ದಿನ ವೀರಭದ್ರ ಮಾವ ಬಳ್ಳಾರಿಗೆ ಬಂದರು. ನನ್ನ ತಾಯಿಯಿಂದ ವಿಷಯ ತಿಳಿದಿತ್ತು. ಅತ್ತೆಯ ಮನೆಯ ಬಾಗಿಲಲ್ಲೇ ಚಪ್ಪಲಿ ಬಿಡದೆ ನಿಂತರು.

“ನಮ್ಮ ಕಡೆ ಹಂಗೇ ಐತಮ್ಮಾ” ಎಂದರು.

ಅತ್ತೆ ಒಳಗಿನಿಂದಲೇ, “ನಿಮ್ಮ ಕಡೀದು ನಿಮ್ಮ ಕಡೆ ಇರ್ಲಿ ಅಣ್ಣಾ. ಹುಡುಗೀರು ಇಪ್ಪತ್ತು ದಿನದಿಂದ ಗೂಬಿ ಹಂಗ ಕುಂತಾರ” ಎಂದಳು.

ಮಾವ ಹಂಪಮ್ಮನ ಮುಂದೆ ಬಂದು ನಿಂತರು. ನಮ್ಮ ಬಳಗದಲ್ಲಿ ಆ ಮನುಷ್ಯ ತಪ್ಪಾಯಿತು ಅಂದದ್ದನ್ನು ಯಾರೂ ಕೇಳಿರಲಿಲ್ಲ. “ನಾನು ಕೇಳದೇ ಹೇಳಿದೆ ತಲ್ಲೀ. ಈ ಕಡೆ ರೂಲು ಏನೈತಿ ಅಂತ ಒಂದು ಕಾರ್ಡು ಬರೆದು ಕೇಳಬೇಕಿತ್ತು” ಎಂದರು. ಹಂಪಮ್ಮ ಬಗ್ಗಿ ಅವರ ಕಾಲು ಮುಟ್ಟಿದಳು. “ನಿಮ್ಮಿಂದ ನನಗ ಫ್ಯಾನಿನ ಗಾಳಿ ಸಿಕ್ತಲ್ರಿ ಮಾವಾರ” ಎಂದಳು. ಮಾವನಿಗೆ ಅದು ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ. ಆದರೆ ಅಷ್ಟು ದಿನಗಳಲ್ಲಿ, ಆಮೇಲಿನ ಇಷ್ಟು ವರ್ಷಗಳಲ್ಲಿ, ‘ನಿನ್ನಿಂದ ಆಯಿತು’ ಎಂಬ ಮಾತನ್ನು ಅವಳು ನನಗೆ ಒಮ್ಮೆಯೂ ಅನ್ನಲಿಲ್ಲ. ಬೈದಿದ್ದರೆ ತೀರಿಹೋಗುತ್ತಿತ್ತು. ಈಗ ಆ ಋಣ ಇನ್ನೂ ನನ್ನಲ್ಲೇ ಉಳಿದಿದೆ.

ಈಗಲೂ ನಮ್ಮ ಬೀದಿಯ ಮಕ್ಕಳು ಯಾವ ವಿಷಯ ತೆಗೆದುಕೊಳ್ಳಬೇಕೆಂದು ಕೇಳಲು ಬರುತ್ತಾರೆ. ಅಕ್ಷರ ದುಂಡಗಿದೆಯಲ್ಲ! ನಾನು ಯಾವ ವಿಷಯದ ಹೆಸರನ್ನೂ ಹೇಳುವುದಿಲ್ಲ. ನೀವು ಎರಡು ವರ್ಷದ ಮೇಲೆ ಎಲ್ಲಿಗೆ ಹೋಗಬೇಕಂತೀರಿ, ಮೊದಲು ಅಲ್ಲಿಯ ಪುಸ್ತಕ ತರಿಸಿ, ಒಂಬತ್ತನೆಯ ಪುಟ ಓದಿ, ಆಮೇಲೆ ಇಲ್ಲಿಯ ಅರ್ಜಿ ತುಂಬಿ ಎನ್ನುತ್ತೇನೆ. ಒಂಬತ್ತನೆಯ ಪುಟದಲ್ಲಿ ಬರೀ ಹಾಸ್ಟೆಲಿನ ಊಟದ ವಿಷಯ ಇದೆಯಲ್ಲ ಎಂದು ಒಬ್ಬ ಹುಡುಗ ವಾಪಸು ಬಂದು ತಕರಾರು ಮಾಡಿದ. ಇನ್ನೂ ಒಂದು ಮಾತು ಹೇಳುತ್ತೇನೆ. ಪೂರ್ತಿ ಗೊತ್ತಾಗುವವರೆಗೆ ಯಾವ ಬಾಗಿಲನ್ನೂ ನೀವಾಗಿ ಮುಚ್ಚಬೇಡಿ. ಕಷ್ಟದ ವಿಷಯವಾದರೂ ಒಂದು ಮೂಲೆಯಲ್ಲಿ ಹೋಗಿ ಕೂತಿರಿ, ಕನಿಷ್ಠ ಗಾಳಿಗಾದರೂ.

ಎರಡು ವರ್ಷದ ಮೇಲೆ ಕೃಷಿ ಕಾಲೇಜಿನ ಅರ್ಜಿ ಬಂದಾಗ ನಾನು ಪೆನ್ನು ತೆಗೆದೆ. ಹಂಪಮ್ಮ ಅದನ್ನು ನನ್ನ ಕೈಯಿಂದ ಮೆತ್ತಗೆ ಕಸಿದುಕೊಂಡಳು. “ನೀ ದೂರ ಕುಂದ್ರಲೇ. ಸ್ಕೇಲೂ ಒಳಗಿಡು” ಎಂದಳು. ತನ್ನ ಕಾಗೆಕಾಲಿನ ಅಕ್ಷರದಲ್ಲಿ ನಾಲ್ಕು ವಿಷಯಗಳನ್ನು ತಾನೇ ಬರೆದಳು. ಸೀಟು ಸಿಕ್ಕಿತು. ಮೊದಲ ರಜೆಗೆ ಬಂದಾಗ ಅವಳ ಕೊರಳಲ್ಲಿ ದಾರಕ್ಕೆ ಕಟ್ಟಿದ ಒಂದು ಭೂತಗನ್ನಡಿ ಇತ್ತು. ನಮ್ಮತ್ತೆಯ ಹಿತ್ತಲಿನ ಬದನೆ ಎಲೆಯನ್ನು ಮಗುಚಿ ನನಗೆ ತೋರಿಸಿದಳು. ನಿಜ, ಅಲ್ಲೊಂದು ಊರೇ ಇತ್ತು.

ಅದು ಆಮೇಲಿನ ಮಾತು. ಇಪ್ಪತ್ತೆರಡನೆಯ ದಿನ ಪೋಸ್ಟಿನವನು ದೂರದಿಂದ ಕೈ ಆಡಿಸಲಿಲ್ಲ. ಸೈಕಲ್ಲಿನ ಗಂಟೆ ಹೊಡೆಯುತ್ತಾ ಬಂದ. ಸಂಜೆಯ ಹೊತ್ತಿಗೆ ಪ್ರಿನ್ಸಿಪಾಲರು ಅವಳನ್ನು ಕರೆಸಿ ಮಂಜೂರಾಗಿದೆ ಎಂದರು. ಪಂಪಾಪತಿ ಸರ್ ಆಫೀಸಿನಲ್ಲೇ ರಿಜಿಸ್ಟರು ಬಿಚ್ಚಿ, ಪೆನ್ಸಿಲ್ಲಿನ ಹೆಸರಿನ ಮೇಲೆ ಇಂಕಿನಲ್ಲಿ ಬರೆದು, ಮುಂದೆ ನಂಬರು ಹಾಕಿದರು. “ನಾಳಿ ಒಂಬತ್ತಕ್ಕ. ಇನ್ನು ಮ್ಯಾಲೆ ಗಾಳಿಗಲ್ಲ, ಲೆಕ್ಕಕ್ಕ ಬಾ” ಎಂದರು.

ಆ ರಾತ್ರಿ ಉಂಡು ಮಾಳಿಗೆಯ ಮೇಲೆ ಹಾಸಿಗೆ ಹಾಸಿದ್ದು ನೆನಪಿದೆ. ಹಂಪಮ್ಮ ಏನೋ ಹೇಳಲು ಶುರುಮಾಡಿದಳು, ಅದು ಅರ್ಧಕ್ಕೇ ನಿಂತಿತು. ನಾನೂ ಕೇಳಲಿಲ್ಲ. ಗೆರೆಗಳು ಬರಲಿಲ್ಲ, ಬ್ಲೇಡು ಬರಲಿಲ್ಲ. ಮತ್ತೆ ಕಣ್ಣು ಬಿಟ್ಟಾಗ ತಲೆಯ ಮೇಲೆ ಅತ್ತೆಯ ಒದ್ದೆ ಸೀರೆ ತೂಗುತ್ತಿತ್ತು. ಬಿಸಿಲು ಬೀಳದಿರಲೆಂದು ಅವಳು ಯಾವಾಗಲೋ ಬಂದು ನಮ್ಮಿಬ್ಬರ ಮುಖದ ಮೇಲೆ ನೆರಳು ಬರುವಂತೆ ಕಟ್ಟಿ, ಎಬ್ಬಿಸದೆ ಇಳಿದುಹೋಗಿದ್ದಳು. ಕೆಳಗೆ ಬೀದಿಯಲ್ಲಿ ತರಕಾರಿಯವಳು ಮಾರಿ ಮುಗಿಸಿ ಖಾಲಿ ಬುಟ್ಟಿಯೊಂದಿಗೆ ವಾಪಸಾಗುತ್ತಿದ್ದಳು. ಹತ್ತು ಗಂಟೆ.

ಗಾಳಿಗೆ ಬರುತ್ತಿದ್ದ ಮೂರು ತಿಂಗಳಲ್ಲಿ ಒಂದು ದಿನವೂ ತಪ್ಪಿಸದ ಹಂಪಮ್ಮನ ಹೆಸರಿನ ಮುಂದೆ, ಅದು ಇಂಕಿಗೆ ಬಂದ ಮೊದಲನೆಯ ದಿನವೇ, ಪಂಪಾಪತಿ ಸರ್ ಗೈರುಹಾಜರಿ ಹಾಕಿದ್ದರು.